ಡ್ರಮ್ಮಿನೊಳಗೊಂದು ಹೊಗೆ ಅಟ್ಟ

ಮೊದಲ ಕೋಳಿಯನ್ನು ಯಾರೂ ತಿನ್ನಲಿಲ್ಲ. ನೋಡಲೇನೋ ಚೆನ್ನಾಗಿತ್ತು, ಚರ್ಮ ಕಪ್ಪುಗೆಂಪಗೆ ಹೊಳೆಯುತ್ತಿತ್ತು. ಬಾಯಿಗಿಟ್ಟರೆ ಹಳೆಯ ಬಚ್ಚಲುಮನೆಯ ಗೋಡೆ ನೆಕ್ಕಿದಷ್ಟು ಕಹಿ. ಚಾಮರಾಜಪೇಟೆಯ ನಮ್ಮ ಹಿತ್ತಲಲ್ಲಿ ಮೂರು ಗಂಟೆ ಬಿಳಿ ಹೊಗೆ ಎಬ್ಬಿಸಿ, ಪಕ್ಕದ ಮನೆಯವರು ಒಣಹಾಕಿದ್ದ ಬಟ್ಟೆಗೆಲ್ಲ ವಾಸನೆ ಹತ್ತಿಸಿ, ಬೈಸಿಕೊಂಡು ಪಡೆದ ಫಲ ಅದು. ವಿರಾಜಪೇಟೆ ಕಡೆಯ ಗೆಳೆಯನೊಬ್ಬ ಒಂದು ಚೂರು ಕಚ್ಚಿ, ಪಕ್ಕಕ್ಕೆ ಉಗಿದು, ‘ನೀನು ಹೊಗೆ ಕೊಟ್ಟಿಲ್ಲ ಮಾರಾಯ, ಮಸಿ ಬಳಿದಿದ್ದೀಯ’ ಎಂದ.

ಅವನಿಗೆ ಗೊತ್ತಿರಬೇಕಾದದ್ದೇ. ಕೊಡಗಿನ ಹಳೆಯ ಮನೆಗಳಲ್ಲಿ ಮಾಂಸಕ್ಕೆ ಹೊಗೆ ಕೊಡಲು ಯಾರೂ ಯಂತ್ರ ಕಟ್ಟಿದವರಲ್ಲ, ಅಡುಗೆಮನೆಯೇ ಯಂತ್ರ. ಹಂದಿ ಮಾಂಸವನ್ನು ಉದ್ದುದ್ದ ಸೀಳಿ, ಉಪ್ಪು ಅರಿಸಿನ ತಿಕ್ಕಿ, ಸೌದೆ ಒಲೆಯ ಮೇಲೆ ಎತ್ತರದಲ್ಲಿ ತೂಗುಹಾಕುತ್ತಾರೆ. ಕೆಳಗೆ ಅನ್ನ ಬೇಯುತ್ತದೆ, ನೀರು ಕಾಯುತ್ತದೆ. ಮೇಲೆ ಮಾಂಸ ದಿನದಿನಕ್ಕೂ ಒಣಗುತ್ತ, ಕಪ್ಪಾಗುತ್ತ ಹೋಗುತ್ತದೆ. ಕೊಡವ ಮಾತಿನಲ್ಲಿ ಅದು ಒಣಕ್ ಎರ್ಚಿ. ಹಿಂದೆ ಬೇಟೆಯ ಹಂದಿ, 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಸಾಕಿದ ಹಂದಿ. ತಿಂಗಳುಗಟ್ಟಲೆ ಬಿಸಿಲೇ ಕಾಣದ ಮಳೆಗಾಲದಲ್ಲಿ ಏನನ್ನಾದರೂ ಒಣಗಿಸಬೇಕೆಂದರೆ ಇನ್ನೆಲ್ಲಿಗೆ ಹೋಗುವುದು? ಮಲೆನಾಡಿನ ಅಟ್ಟದಲ್ಲಿ ಬೀಜದ ಹೀರೆಕಾಯಿ, ಬಿದಿರಿನ ಬುಟ್ಟಿ ಹುಳ ಹಿಡಿಯದೆ ಉಳಿಯುತ್ತಿದ್ದದ್ದೂ ಇದೇ ಹೊಗೆಯಿಂದ. ಸುಳ್ಯದ ಕಡೆ ಹೋದರೆ ರಬ್ಬರ್ ಬೆಳೆಗಾರರ ಮನೆಯ ಪಕ್ಕ ಹೊಗೆಗೂಡು ಕಾಣುತ್ತದೆ. ಹಸಿ ರಬ್ಬರ್ ಹಾಳೆಗಳನ್ನು ಅಲ್ಲಿ ಸುಮಾರು 50–60 ಡಿಗ್ರಿಯ ಬೆಚ್ಚಗಿನ ಹೊಗೆಯಲ್ಲಿ ಕೆಲವು ದಿನ ತೂಗುಹಾಕುತ್ತಾರೆ. ಹಾಳೆ ಒಣಗಿ ಜೇನುಬಣ್ಣಕ್ಕೆ ತಿರುಗುತ್ತದೆ, ಬೂಸ್ಟು ಹಿಡಿಯುವುದಿಲ್ಲ. ಹಂದಿಗೂ ರಬ್ಬರಿಗೂ ಒಂದೇ ಮದ್ದು.

ಬೆಂಗಳೂರಿನ ಹುಡುಗರು ಕತೆ ಮುಗಿಯಿತು ಎನ್ನಲು ‘ಹೊಗೆ’ ಎನ್ನುತ್ತಾರೆ. ಸೂಕ್ಷ್ಮಾಣುಗಳ ಮಟ್ಟಿಗೆ ಅದು ಆಡುಮಾತಲ್ಲ, ನಿಜ. ಹಾಗಾದರೆ ಹೊಗೆಯಲ್ಲಿ ಏನಿದೆ?

ಕಟ್ಟಿಗೆ ಉರಿಯುತ್ತದೆ ಎನ್ನುತ್ತೇವೆ. ಕಣ್ಣಿಗೆ ಕಾಣುವ ಜ್ವಾಲೆ ಮಾತ್ರ ಕಟ್ಟಿಗೆಯದಲ್ಲ, ಕಟ್ಟಿಗೆಯಿಂದ ಹೊರಟ ಅನಿಲದ್ದು. ಕಾವು 100 ಡಿಗ್ರಿಯ ಆಸುಪಾಸಿನಲ್ಲಿದ್ದಾಗ ಮರದೊಳಗಿನ ನೀರು ಆವಿಯಾಗುತ್ತದೆ. ಸುಮಾರು 200 ದಾಟಿದರೆ ಹೆಮಿಸೆಲ್ಯುಲೋಸ್, ಅದರ ಹಿಂದೆಯೇ ಸೆಲ್ಯುಲೋಸ್ ಒಡೆಯುತ್ತವೆ. ಸಕ್ಕರೆ ಸೀದ ಪರಿಮಳ, ಹುಳಿ ಆಮ್ಲಗಳು, ಫಾರ್ಮಾಲ್ಡಿಹೈಡ್ ಹುಟ್ಟುತ್ತವೆ. 300 ದಾಟಿದ ಮೇಲೆ ಮರಕ್ಕೆ ಗಡಸು ಕೊಡುವ ಲಿಗ್ನಿನ್ ಜೋರಾಗಿ ಬಿಚ್ಚಿಕೊಳ್ಳುತ್ತದೆ. ಗ್ವಾಯಕಾಲ್, ಸಿರಿಂಗಾಲ್ ಎಂಬ ಫೀನಾಲ್ ಬಳಗದ ವಸ್ತುಗಳು ಬರುವುದು ಇದರಿಂದ. ನಾವು ಹೊಗೆಯ ರುಚಿ, ಹೊಗೆಯ ಘಮ ಎನ್ನುವುದು ಹೆಚ್ಚುಪಾಲು ಇವನ್ನೇ. ಕೊಬ್ಬು ಕಮಟಾಗದಂತೆ ತಡೆಯುವುದೂ ಇವೇ ಫೀನಾಲುಗಳು; ಆಮ್ಲ ಮತ್ತು ಫಾರ್ಮಾಲ್ಡಿಹೈಡ್ ಸೂಕ್ಷ್ಮಾಣುಗಳನ್ನು ಹತ್ತಿಕ್ಕುತ್ತವೆ.

ಸಾಕಷ್ಟು ಗಾಳಿ ಸಿಕ್ಕಿದರೆ ಈ ಎಲ್ಲ ಅನಿಲವೂ ಉರಿದುಹೋಗಿ ನೀರಾವಿ, ಇಂಗಾಲದ ಡೈಆಕ್ಸೈಡ್ ಉಳಿಯುತ್ತದೆ, ರುಚಿ ಇಲ್ಲ. ಗಾಳಿ ತೀರಾ ಕಡಿಮೆಯಾದರೆ ಅನಿಲ ತಣಿದು ದಪ್ಪ ಹನಿಗಳಾಗಿ, ಟಾರು ಮಸಿಯ ಜೊತೆ ಬಿಳಿಯಾಗಿ ಏಳುತ್ತದೆ. ನನ್ನ ಕೋಳಿಗೆ ಬಳಿದುಕೊಂಡದ್ದು ಅದು. ಹಳೆಯ ಅಡುಗೆಮನೆಯ ಜಂತಿಯಿಂದ ಜೋತುಬೀಳುವ ಇಲ್ಲಣಕ್ಕೂ ಅದಕ್ಕೂ ಹತ್ತಿರದ ಸಂಬಂಧ. ಬೇಕಾದದ್ದು ಇವೆರಡರ ನಡುವಿನದು: ಅರೆಬರೆ ಉರಿದ, ಕಂಡೂ ಕಾಣದ ತೆಳು ನೀಲಿ ಹೊಗೆ. ಅದರ ಕಣಗಳು ಬೆಳಕಿನ ಅಲೆಗಿಂತಲೂ ಚಿಕ್ಕವಾದ್ದರಿಂದ ನೀಲಿಯನ್ನೇ ಹೆಚ್ಚು ಚೆದುರಿಸುತ್ತವೆ. ಆಕಾಶ ನೀಲಿಯಾಗಿರುವುದಕ್ಕೂ ಇಂಥದೇ ಕಾರಣ. ಹೊಗೆಯ ಬಣ್ಣ ನೋಡಿ ಒಲೆಯ ಉಸಿರಾಟ ಹೇಳಬಹುದು.

ಅಂದರೆ ಹೊಗೆಯ ಯಂತ್ರವೆಂದರೆ ಗಾಳಿಯ ಯಂತ್ರ. ಇದು ಅರ್ಥವಾದ ಮೇಲೆ ಕಟ್ಟುವುದು ಕಷ್ಟವಲ್ಲ. ಮೈಸೂರು ರಸ್ತೆ ಕಡೆಯ ಗುಜರಿಯಲ್ಲಿ 200 ಲೀಟರಿನ ಕಬ್ಬಿಣದ ಡ್ರಮ್ಮು ಸಿಗುತ್ತದೆ. ಕೇಳಬೇಕಾದ ಮೊದಲ ಪ್ರಶ್ನೆ ಬೆಲೆಯಲ್ಲ, ಅದರಲ್ಲಿ ಹಿಂದೆ ಏನಿತ್ತು ಎಂಬುದು. ಖಾದ್ಯತೈಲದ್ದಾದರೆ ಸರಿ, ರಾಸಾಯನಿಕದ್ದಾದರೆ ಬೇಡ. ಸತುವಿನ ಲೇಪ ಇರುವ ತಗಡು, ಜಾಲರಿ ಯಾವುದೂ ಬೇಡ. ಕಾವಿಗೆ ಸತು ಹೊಗೆಯಾಡಿ ಜ್ವರ ಬರಿಸುತ್ತದೆ. ಒಳಗೆ ದೊಡ್ಡ ಉರಿ ಹಾಕಿ ಬಣ್ಣ, ಲೇಪವೆಲ್ಲ ಸುಟ್ಟುಹೋಗುವಂತೆ ಮಾಡಿ ಉಜ್ಜಿ ತೊಳೆಯಬೇಕು; ಈ ಕೆಲಸ ಊರಾಚೆ ಬಯಲಿನಲ್ಲೇ ಆಗಬೇಕು. ತಳದಿಂದ ನಾಲ್ಕು ಬೆರಳು ಮೇಲೆ, ಸುತ್ತ ಮೂರು ಕಡೆ, ಎಂಟಾಣೆ ಬಿಲ್ಲೆಯಷ್ಟಗಲದ ತೂತು. ಅವಕ್ಕೆ ಸರಿಸಿ ಮುಚ್ಚುವ ತಗಡಿನ ಬಾಗಿಲು. ತಳದಲ್ಲಿ ಇದ್ದಿಲಿನ ಜಾಲರಿ ಬುಟ್ಟಿ, ಅದರಿಂದ ಎರಡಡಿ ಮೇಲೆ ಮಾಂಸದ ಜಾಲರಿ, ಮುಚ್ಚಳದಲ್ಲಿ ಹೊಗೆ ಹೋಗಲು ದಾರಿ. ಮೇಲಿನ ದಾರಿ ಸದಾ ತೆರೆದಿರಲಿ. ನಾನು ಮೊದಲ ದಿನ ‘ಹೊಗೆ ವ್ಯರ್ಥವಾಗಬಾರದು’ ಎಂದು ಅದನ್ನೇ ಮುಚ್ಚಿದ್ದೆ.

ಇದ್ದಿಲು ಕಾವಿಗೆ, ಕಟ್ಟಿಗೆ ಘಮಕ್ಕೆ. ಮೊದಲು ಇದ್ದಿಲು ಕೆಂಡವಾಗಿ ಬೂದಿ ಮುಚ್ಚಬೇಕು, ಆಮೇಲೆ ಮುಷ್ಟಿಗಾತ್ರದ ಎರಡು ಮೂರು ಒಣ ತುಂಡು. ಹಲಸು, ಸೀಬೆ, ಮಾವು, ಕಾಫಿ ಗಿಡದ ಕೊರಡು ಎಲ್ಲವೂ ಒಗ್ಗುತ್ತವೆ. ರಾಳ ಸುರಿಯುವ ಪೈನ್ ಬೇಡ, ಅಂಟು ಬೆರೆತ ಪ್ಲೈವುಡ್ಡಂತೂ ಬೇಡವೇ ಬೇಡ. ಹೊಟ್ಟಿನ ಒಲೆ ನೆನಪಿರುವವರಿಗೆ ಗಾಳಿಯ ಹಿಡಿತದ ಗುಟ್ಟು ಹೇಳಿಕೊಡಬೇಕಿಲ್ಲ. ನಡುವೆ ಬಾಟಲಿ ನಿಲ್ಲಿಸಿ, ಸುತ್ತ ಮರದ ಹೊಟ್ಟು ಗಿಡಿದು, ಬಾಟಲಿ ಎಳೆದರೆ ಒಂದು ಕೊಳವೆ ಉಳಿಯುತ್ತಿತ್ತು. ಹೊಟ್ಟು ಎಷ್ಟು ಬಿಗಿ, ಕೊಳವೆ ಎಷ್ಟು ಅಗಲ ಎಂಬುದರ ಮೇಲೆ ಹಂಡೆಯ ನೀರು ಕಾಯುವ ಹೊತ್ತು ನಿಂತಿತ್ತು. ಬೆಂಗಳೂರಿನ ಎಷ್ಟೋ ಬಚ್ಚಲುಗಳಲ್ಲಿ ಗಾಳಿಯ ಲೆಕ್ಕ ಹೀಗೆ ಬೆಳಗಾದರೆ ನಡೆಯುತ್ತಿತ್ತು.

ಡ್ರಮ್ಮಿನೊಳಗೆ 110ರಿಂದ 120 ಡಿಗ್ರಿ ನಿಲ್ಲಬೇಕು. ಅದಕ್ಕೊಂದು ಥರ್ಮಾಮೀಟರ್ ಬೇಕು, ಅದು ಸರಿಯಿದೆಯೇ ಎಂದು ಮೊದಲು ನೋಡಬೇಕು. ಕುದಿಯುವ ನೀರಿಗೆ ಅದ್ದಿದಾಗ ನನ್ನದು 97 ತೋರಿಸಿತು. ಕೆಟ್ಟಿದೆ ಎಂದು ಅಂಗಡಿಗೆ ಹೊರಟಿದ್ದವನು ಬಾಗಿಲಲ್ಲೇ ನಿಂತೆ. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಗಾಳಿಯ ಒತ್ತಡ ಕಡಿಮೆ. ನೀರು ಇಲ್ಲಿ ಕುದಿಯುವುದೇ 97ರ ಹತ್ತಿರ. ಮೂರು ಡಿಗ್ರಿ ಕದ್ದದ್ದು ಊರು, ಉಪಕರಣವಲ್ಲ.

ಕುರಿಯ ತೊಡೆಯಂಥ ದೊಡ್ಡ ತುಂಡು ಇಟ್ಟ ದಿನ ಇನ್ನೊಂದು ಒಗಟು ಎದುರಾಯಿತು. ಮಾಂಸದ ಒಳಗಾವು ಸರಸರನೆ 68ಕ್ಕೆ ಏರಿ ಅಲ್ಲೇ ಕೂತಿತು. ಒಂದು ಗಂಟೆ, ಎರಡು ಗಂಟೆ; ಮುಳ್ಳು ಅಲುಗದು. ಕೆಂಡ ಚೆನ್ನಾಗಿದೆ, ಡ್ರಮ್ಮು ಬಿಸಿಯಿದೆ. ಉತ್ತರ ಮಣ್ಣಿನ ಹೂಜಿಯಲ್ಲಿದೆ. ಹೂಜಿಯ ಮೈಯಿಂದ ನೀರು ಆವಿಯಾಗುತ್ತ ಒಳಗಿನ ನೀರನ್ನು ತಣಿಸುವ ಹಾಗೆ, ಮಾಂಸವೂ ಬೆವರುತ್ತ ತನ್ನನ್ನು ತಾನು ತಣಿಸಿಕೊಳ್ಳುತ್ತದೆ. ಕೆಂಡ ಕೊಟ್ಟ ಕಾವನ್ನೆಲ್ಲ ಬೆವರು ತಿನ್ನುತ್ತದೆ. ಕಾಯಬಹುದು, ಇಲ್ಲವೇ ಬೆವರು ಹೊರಹೋಗದಂತೆ ಬಾಡಿಸಿದ ಬಾಳೆಎಲೆಯಲ್ಲಿ ಸುತ್ತಬಹುದು. ನಾನು ಸುತ್ತಿದೆ, ಮುಳ್ಳು ಮತ್ತೆ ಏಳತೊಡಗಿತು. 90ರ ಹತ್ತಿರ ಬರುವ ಹೊತ್ತಿಗೆ ನಾರುಗಳನ್ನು ಬಿಗಿದಿದ್ದ ಕೊಲಾಜೆನ್ ಕರಗಿ ಜೆಲಟಿನ್ ಆಗಿತ್ತು, ಮೂಳೆ ಎಳೆದರೆ ಕೈಗೆ ಬಂತು.

ಕತ್ತರಿಸಿದಾಗ ಅಂಚಿನಲ್ಲಿ ಗುಲಾಬಿ ಪಟ್ಟಿ. ‘ಬೆಂದಿಲ್ಲ’ ಎಂದು ಮನೆಯಲ್ಲಿ ತಟ್ಟೆ ಸರಿಸಿದರು. ಬೆಂದಿತ್ತು. ಹೊಗೆಯಲ್ಲಿರುವ ನೈಟ್ರಿಕ್ ಆಕ್ಸೈಡ್, ಕಾರ್ಬನ್ ಮಾನಾಕ್ಸೈಡ್ ಅನಿಲಗಳು ಮಾಂಸದ ಕೆಂಪು ಬಣ್ಣಕ್ಕೆ ಕಾರಣವಾದ ಮಯೊಗ್ಲೋಬಿನ್‌ಗೆ ಅಂಟಿ ಆ ಬಣ್ಣವನ್ನು ಹಿಡಿದು ನಿಲ್ಲಿಸಿರುತ್ತವೆ. ಬೆಂದಿದೆಯೋ ಇಲ್ಲವೋ ಎಂದು ಕಣ್ಣನ್ನು ಕೇಳಬಾರದು. ಕೋಳಿಯಾದರೆ ತೊಡೆಯ ದಪ್ಪ ಭಾಗದಲ್ಲಿ 75 ಡಿಗ್ರಿ ದಾಟಿದ್ದರೆ ಸಾಕು.

ಇಲ್ಲೊಂದು ಎಚ್ಚರಿಕೆ. ಡ್ರಮ್ಮಿನ ಮಾಂಸ ಬೆಂದ ಮಾಂಸ, ಅಟ್ಟದ ಮಾಂಸದಂತೆ ಕೆಡದೆ ಉಳಿಯುವಂಥದ್ದಲ್ಲ. ಒಣಕ್ ಎರ್ಚಿಯನ್ನು ಕಾಯ್ದದ್ದು ಉಪ್ಪು, ವಾರಗಟ್ಟಲೆಯ ಒಣಗು, ಹೊಗೆ ಮೂರೂ ಸೇರಿ. ನಮ್ಮದು ಒಂದು ಮಧ್ಯಾಹ್ನದ ಹೊಗೆ. ಉಳಿದದ್ದು ಫ್ರಿಜ್ಜಿಗೇ ಹೋಗಬೇಕು. ಉಪ್ಪು ಹಾಕದೆ, ಒಣಗಿಸದೆ, ಉಗುರುಬೆಚ್ಚಗಿನ ಹೊಗೆಯಲ್ಲಿ ದಿನವಿಡೀ ತೂಗುಹಾಕುವುದು ಸೂಕ್ಷ್ಮಾಣುಗಳಿಗೆ ತೊಟ್ಟಿಲು ಕಟ್ಟಿದಂತೆ.

ಹೊಗೆಯೂ ಸಾಧುವಲ್ಲ. ಕಟ್ಟಿಗೆ ಅರೆಬರೆ ಉರಿದಾಗ ಕ್ಯಾನ್ಸರ್‌ಕಾರಕ ಬೆಂಜೊಪೈರೀನ್ ಕೂಡ ಹುಟ್ಟುತ್ತದೆ. ಯುರೋಪಿನ ಒಕ್ಕೂಟ ಹೊಗೆ ಕೊಟ್ಟ ಮಾಂಸದಲ್ಲಿ ಅದು ಕಿಲೋಗೆ 2 ಮೈಕ್ರೋಗ್ರಾಂ ಮೀರಬಾರದೆಂದು ಮಿತಿ ಹಾಕಿದೆ. ಹೊಗೆ ಕೊಟ್ಟು, ಉಪ್ಪೂರಿಸಿ ಸಂಸ್ಕರಿಸಿದ ಮಾಂಸವನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2015ರಲ್ಲಿ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು. ಹಬ್ಬಕ್ಕೆ ಸರಿ, ನಿತ್ಯದ ಊಟಕ್ಕಲ್ಲ.

ಮಾಂಸ ತಿಂದವರ ಮಾತಾಯಿತು. ಒಲೆಯ ಮುಂದೆ ಕೂತವರದು? ಅಟ್ಟದ ಮಾಂಸವನ್ನು ಕಾಪಾಡಿದ ಹೊಗೆಯೇ ಊದುಕೊಳವೆ ಹಿಡಿದ ಹೆಂಗಸರ ಕಣ್ಣು, ಶ್ವಾಸಕೋಶ ತಿಂದಿತು. ಮಲ್ಲೇಶ್ವರದ ಆಚೆಗಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಅಂದರೆ ಊರವರ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ಕಟ್ಟಿದ ‘ಅಸ್ತ್ರ’ ತಂಡ ಹಳ್ಳಿಗಳಿಗೆ ಒಲೆ ರೂಪಿಸಿದ್ದು ಈ ಹೊಗೆಯನ್ನು ಓಡಿಸಲಿಕ್ಕೂ ಹೌದು: ಮುಚ್ಚಿದ ಒಲೆಬಾಯಿ, ಕೆಳಗೆ ಗಾಳಿಗೆ ಜಾಲರಿ, ಮೇಲೆ ಚಿಮಣಿ. ನನ್ನ ಡ್ರಮ್ಮಿಗೂ ಅವೇ ಮೂರು ಅಂಗ. ಅಸ್ತ್ರ ಒಲೆ ಹೊಗೆಯನ್ನು ಉರಿಸಿ ಕಾವು ಮಾಡಿತು, ಡ್ರಮ್ಮು ಅರ್ಧ ಉಳಿಸಿಕೊಂಡು ರುಚಿ ಮಾಡುತ್ತದೆ. ಎರಡಕ್ಕೂ ಮುಚ್ಚಳ ಬೇಕು.

ಈಗ ಪಕ್ಕದ ಮನೆಯವರು ಬಟ್ಟೆ ಒಣಹಾಕದ ದಿನ ನೋಡಿ ಕೆಂಡ ಹಾಕುತ್ತೇನೆ, ಗಾಳಿ ಯಾವ ಕಡೆಯಿಂದ ಬೀಸುತ್ತಿದೆಯೋ ಆ ಕಡೆ ಕುರ್ಚಿ ಹಾಕಿಕೊಳ್ಳುತ್ತೇನೆ. ಕೆಲಸ ಮುಗಿದ ಮೇಲೆ ಮೇಲಿನ ದಾರಿ, ಕೆಳಗಿನ ತೂತು ಎಲ್ಲ ಮುಚ್ಚಿಬಿಟ್ಟರೆ ಉಸಿರು ಸಿಗದೆ ಕೆಂಡ ಆರುತ್ತದೆ. ಉಳಿದ ಇದ್ದಿಲು ಮುಂದಿನ ಸಲಕ್ಕೆ. ಕಳೆದ ಸಲ ವಿರಾಜಪೇಟೆಯವನು ಎರಡನೇ ತುಂಡಿಗೆ ಕೈಹಾಕಿದ. ಮಸಿಯ ಮಾತು ಎತ್ತಲಿಲ್ಲ. ಉಪ್ಪು ಸ್ವಲ್ಪ ಕಡಿಮೆ ಎಂದ.