ಒಂದೇ ಕೊಕ್ಕೆ, ಎರಡು ಕೆಲಸ

1891ರಲ್ಲಿ ಸ್ವಿಟ್ಜರ್ಲೆಂಡಿನ ಕಾರ್ಲ್ ಎಲ್ಸೆನರ್ ಎಂಬ ಚಾಕು ತಯಾರಕನು ತನ್ನ ದೇಶದ ಸೈನಿಕರಿಗೆ ಮಡಚುವ ಚಾಕುಗಳನ್ನು ಒದಗಿಸತೊಡಗಿದನು. ಆಹಾರದ ಡಬ್ಬಿ ತೆರೆಯಲು ಕೊಕ್ಕೆ, ಬಂದೂಕನ್ನು ಬಿಚ್ಚಲು ತಿರುಪುಳಿ: ಒಂದೊಂದಕ್ಕೂ ಒಂದೊಂದೇ ಕೆಲಸ. ಕಾಲಕ್ರಮದಲ್ಲಿ ಕೊಕ್ಕೆಯ ತುದಿಗೇ ಸಣ್ಣ ತಿರುಪುಳಿಯ ಆಕಾರ ಕೊಡಲಾಯಿತು. ಉಪಕರಣ ಹೆಚ್ಚಲಿಲ್ಲ, ಉಪಯೋಗ ಹೆಚ್ಚಿತು!

ಈ ಜಾಣ್ಮೆಯನ್ನು ಮನೆಯಲ್ಲಿಯೇ ಮುಂದುವರಿಸುವ ಹವ್ಯಾಸಿಗಳುಂಟು. ಬಳಕೆ ತಪ್ಪಿದ ಕೊಕ್ಕೆಯ ಒಳಮಗ್ಗುಲನ್ನು ಅರದಿಂದ ಉಜ್ಜಿ ಹರಿತಗೊಳಿಸಿದರೆ, ಪೊಟ್ಟಣದ ದಾರವನ್ನು ಸುಲಭವಾಗಿ ಕತ್ತರಿಸಬಹುದು.

ಆದರೆ ಇಲ್ಲಿ ಅವಸರ ಸಲ್ಲದು. ವೇಗವಾಗಿ ತಿರುಗುವ ಸಾಣೆಗೆ ಒತ್ತಿ ಹಿಡಿದರೆ ತೆಳುವಾದ ಉಕ್ಕು ಕ್ಷಣಮಾತ್ರದಲ್ಲಿ ಕಾಯುತ್ತದೆ. ಅದು ನೀಲಿಗೆ ತಿರುಗಿತೆಂದರೆ ಹದ ಕೆಟ್ಟಿತೆಂದೇ ತಿಳಿಯಬೇಕು. ಬಳಿಕ ಎಷ್ಟು ಮಸೆದರೂ ಹರಿತ ನಿಲ್ಲದು. ಆದುದರಿಂದ ಉಳಿದ ಅಲಗುಗಳನ್ನು ಮಡಚಿಟ್ಟು, ಕೈಯಿಂದಲೇ ನಿಧಾನವಾಗಿ ಉಜ್ಜುವುದು ಲೇಸು. ಬಿಸಿ ತಾಗಿದೊಡನೆ ನೀರಿನಲ್ಲಿ ಅದ್ದಬೇಕು. ನಡುನಡುವೆ ಮಡಚಿ, ಪಕ್ಕದ ಅಲಗಿಗೆ ತಗಲುವುದೋ ಎಂದು ನೋಡಬೇಕು. ಕೊನೆಯಲ್ಲಿ ಉಕ್ಕಿನ ಪುಡಿಯನ್ನು ತೊಳೆದು, ಒರೆಸಿ, ಕೀಲಿಗೆ ಒಂದು ತೊಟ್ಟು ಎಣ್ಣೆ ಬಿಡಬೇಕು.

ಇನ್ನೂ ಸ್ವಲ್ಪ ಉಜ್ಜಬೇಕೆನಿಸಿದರೆ ನಾಳೆಯೂ ಉಜ್ಜಬಹುದು. ಉಜ್ಜಿ ಕಳೆದ ಉಕ್ಕನ್ನು ಮಾತ್ರ ಮರಳಿ ಕೂಡಿಸಲು ಯಾರಿಂದಲೂ ಆಗದು.