ಮೋಡ ಬಿಡಿಸಿದವರು, ಬಿಂಬ ತಿದ್ದುವವರು

ಕೊಡೇಕಲ್ ಸೀಮೆಯವರಿಗೆ ಫಿಲಿಪ್ ಮೆಡೋಸ್ ಟೇಲರ್ ಹೊಸಬನಲ್ಲ. ಬಾಲಕ ವೆಂಕಟಪ್ಪ ನಾಯಕನ ಪರವಾಗಿ 1841ರಿಂದ ಸುರಪುರ ಸಂಸ್ಥಾನದ ಆಡಳಿತ ನೋಡಿಕೊಂಡವನು, ಬೋನಾಳ ಕೆರೆ ದುರಸ್ತಿ ಮಾಡಿಸಿದವನು. ಸುರಪುರದ ಗುಡ್ಡದ ಮೇಲಿನ ಟೇಲರ್ ಮಂಜಿಲ್ ಬಂಗಲೆ ಅವನದೇ. ಫೋಟೊಗ್ರಫಿಯ ಚರಿತ್ರೆಯಲ್ಲೂ ಅವನ ಹೆಸರಿದೆ ಎಂಬುದು ಮಾತ್ರ ಅಷ್ಟಾಗಿ ಮಾತಿಗೆ ಬಂದಿಲ್ಲ. 1866ರಲ್ಲಿ ಲಂಡನ್ನಿನ ಜಾನ್ ಮರ್ರೆ ಪ್ರಕಾಶನವು ವಿಜಯಪುರದ ಕಟ್ಟಡಗಳ ಮೇಲೊಂದು, ಧಾರವಾಡ–ಮೈಸೂರು ಸೀಮೆಯ ವಾಸ್ತುಶಿಲ್ಪದ ಮೇಲೊಂದು ಭಾರಿ ಫೋಟೊ ಸಂಪುಟ ತಂದಿತು. ಬಿಗ್ಸ್, ಪಿಗೊ, ನೀಲ್ ಮೊದಲಾದವರ ಚಿತ್ರಗಳಿಗೆ ಇತಿಹಾಸ ಬರೆದುಕೊಟ್ಟವನು ಇದೇ ಟೇಲರ್.

ಆ ಕಾಲದ ಫೋಟೊಗಳಲ್ಲಿ ಆಕಾಶ ಬಹುತೇಕ ಖಾಲಿ. ಅಂದಿನ ರಾಸಾಯನಿಕಗಳಿಗೆ ನೀಲಿ ಬೆಳಕೆಂದರೆ ವಿಪರೀತ ಸೆಳೆತ. ಕಲ್ಲಿನ ಕೆತ್ತನೆ ಮೂಡುವಷ್ಟು ಹೊತ್ತು ಕ್ಯಾಮೆರಾ ತೆರೆದಿಟ್ಟರೆ ಆಕಾಶ ಪೂರ್ತಿ ಬೆಳ್ಳಗಾಗಿಬಿಡುತ್ತಿತ್ತು. 1854ರ ಕೊನೆಗೆ ಬೇಲೂರು, ಹಳೇಬೀಡಿಗೆ ಬಂದಿದ್ದ ಲಿನೇಯಸ್ ಟ್ರೈಪ್ ಎಂಬ ಸೇನಾಧಿಕಾರಿ ಇದಕ್ಕೊಂದು ಉಪಾಯ ಕಂಡುಕೊಂಡಿದ್ದ. ನೆಗೆಟಿವ್ ಮೇಲೆಯೇ ಬಣ್ಣ ಹಚ್ಚಿ ಮೋಡ ಬಿಡಿಸುತ್ತಿದ್ದ. ಫ್ರಾನ್ಸಿನ ಗುಸ್ತಾವ್ ಲ ಗ್ರೇ ಕಡಲಿನದೊಂದು, ಆಕಾಶದ್ದೊಂದು ನೆಗೆಟಿವ್ ಸೇರಿಸಿ ಒಂದೇ ಪ್ರಿಂಟ್ ಹಾಕಿದ. ಫೋಟೊಶಾಪ್ ಬಂದದ್ದು 1990ರಲ್ಲಿ. ಎಡಿಟಿಂಗ್ ಅದಕ್ಕಿಂತ ತಲೆಮಾರುಗಳಷ್ಟು ಹಳೆಯದು. 'ಎಡಿಟ್ ಮಾಡಿದ್ದಾ?' ಎಂದು ಮೂಗು ಮುರಿಯುವವರಿಗೆ ಇದು ಗೊತ್ತಿರಲಿ.

ಹಾಗೆಂದು ಮಾಡಿದ್ದೆಲ್ಲ ಚೆಂದ ಎಂದೇನೂ ಅಲ್ಲ. ಕಟ್ಟಡವನ್ನು ಕಾಪಿ ಮಾಡಿ, ತಲೆಕೆಳಗು ಮಾಡಿ ಕೆಳಗೆ ಅಂಟಿಸಿದರೆ ನೀರಿನಲ್ಲಿನ ಪ್ರತಿಬಿಂಬವಾಯಿತು ಎಂದುಕೊಳ್ಳುವವರೇ ಹೆಚ್ಚು. ನೀರು ಹಾಗೆ ಕೆಲಸ ಮಾಡುವುದಿಲ್ಲ. ಅದು ಕಟ್ಟಡವನ್ನು ಕೆಳಗಿನಿಂದ ನೋಡುತ್ತದೆ. ದಡದಲ್ಲಿ ನಿಂತವನ ಕಣ್ಣಿಗೆ ಬೀಳದ ಬಾಲ್ಕನಿಯ ತಳ, ಸಜ್ಜದ ಒಳಮೈ ನೀರಿನಲ್ಲಿ ಕಾಣುತ್ತದೆ. ಬಿಂಬದಲ್ಲೂ ಸಜ್ಜದ ಮೇಲ್ಮೈಯೇ ಕಂಡರೆ ಅಂಟಿಸಿದ್ದೆಂದು ತಿಳಿಯಿರಿ. ಬೆಳಕಿನದೂ ಅದೇ ಕತೆ. ದೂರದ ನೀರು ಕನ್ನಡಿಯಂತೆ ಹೊಳೆದರೂ ಕಾಲಬುಡದ ನೀರು ಕಪ್ಪಾಗಿರುತ್ತದೆ. ನೇರ ಕೆಳಗೆ ನೋಡಿದಾಗ ಅದು ಹಿಂದಕ್ಕೆ ಕಳಿಸುವುದು ಬೆಳಕಿನ ಶೇ 2ರಷ್ಟು ಮಾತ್ರ. ಹಾಗಾಗಿ ಕೆಲಸ ಬಲ್ಲವರು ಬಿಂಬವನ್ನು ಕಟ್ಟಡಕ್ಕಿಂತ ಒಂದು ಹದ ಮಂದ ಮಾಡುತ್ತಾರೆ, ಚಿತ್ರದ ಕೆಳಅಂಚಿಗೆ ಬಂದಂತೆ ಇನ್ನಷ್ಟು ಕಪ್ಪಿಗೆ ಇಳಿಸುತ್ತಾರೆ. ಸಣ್ಣ ಅಲೆಯಿದ್ದರೆ ದೀಪಗಳು ಉದ್ದುದ್ದಕ್ಕೆ ಎಳೆದಂತೆ ಕಾಣಬೇಕು, ಅಡ್ಡಕ್ಕಲ್ಲ. ಆಕಾಶಕ್ಕೆ ಚಂದ್ರನನ್ನು ತಂದು ನೀರಿಗೆ ಮರೆತವರನ್ನಂತೂ ಕೇಳುವುದೇ ಬೇಡ.

ಬೆಂಗಳೂರಿನ ಗಾಜಿನ ಕಟ್ಟಡಗಳ ಪಾಡು ಬೇರೆ. ಒಂದೊಂದು ಗಾಜೂ ಕೊಂಚ ಬಾಗಿರುವುದರಿಂದ ಎದುರಿನ ಕಟ್ಟಡ ಅಲ್ಲಿ ತುಂಡುತುಂಡಾಗಿ, ಸೊಟ್ಟಗೆ ಕಾಣುತ್ತದೆ. ಆ ಸೊಟ್ಟವನ್ನು ನೆಟ್ಟಗೆ ಮಾಡುವ ಚಪಲ ಕೆಲವರಿಗೆ. ನನಗಂತೂ ಸೊಟ್ಟದಲ್ಲೇ ಸೊಗಸು. ಕ್ಯಾಮೆರಾ ಮೇಲಕ್ಕೆತ್ತಿ ತೆಗೆದದ್ದಕ್ಕೆ ಹಿಂದಕ್ಕೆ ವಾಲಿದ ಗೋಡೆಯನ್ನು ನೇರ ಮಾಡಿದರೆ ತಕರಾರಿಲ್ಲ.

ಎಲ್ಲಿ ತಿದ್ದಬಹುದು, ಎಲ್ಲಿ ಕೂಡದು ಎಂಬುದಕ್ಕೆ 'ಸಲೋನ್' ಎನ್ನುವ ಫೋಟೊ ಸ್ಪರ್ಧೆಗಳಲ್ಲಿ ಕಟ್ಟುಪಾಡುಗಳಿವೆ. ಬೆಂಗಳೂರಿನಲ್ಲಿ 1971ರಲ್ಲಿ ಹುಟ್ಟಿದ ಯೂತ್ ಫೋಟೊಗ್ರಾಫಿಕ್ ಸೊಸೈಟಿಯಂಥ ಸಂಸ್ಥೆಗಳು ಈ ಸಲೋನ್ ಪರಂಪರೆಯಲ್ಲಿ ಬೆಳೆದಂಥವು. ಸಲೋನ್‌ಗಳ ಮುಕ್ತ ವಿಭಾಗದಲ್ಲಿ ಕಲ್ಪನೆಗೆ ಜಾಗವುಂಟು. ನಿಸರ್ಗ ಮತ್ತು ಪತ್ರಿಕಾ ವಿಭಾಗಗಳಲ್ಲಿ ಇದ್ದದ್ದನ್ನು ಅಳಿಸುವಂತಿಲ್ಲ, ಇಲ್ಲದ್ದನ್ನು ಸೇರಿಸುವಂತಿಲ್ಲ. ಮದುವೆ ಆಲ್ಬಂ ಮಾಡುವ ಸ್ಟುಡಿಯೊದವರಿಗೆ ಈ ಗೊಡವೆಯಿಲ್ಲ, ಇರಬೇಕಾಗಿಯೂ ಇಲ್ಲ.

ಬಿಂಬದ ಈ ಪಾಠ ಕಲಿಯಲು ಬೆಂಗಳೂರಿಗೇ ಹೋಗಬೇಕೆಂದಿಲ್ಲ. ಕೊಡೇಕಲ್ ಸೀಮೆಯವರಿಗೆ ನಾರಾಯಣಪುರದ ಬಸವಸಾಗರ ಜಲಾಶಯ ಹತ್ತಿರವೇ ಇದೆ. ಬೆಳಗಿನ ಗಾಳಿ ಏಳುವ ಮುಂಚೆ ಹಿನ್ನೀರಿನ ಅಂಚಿಗೆ ಹೋಗಿ, ಮೊಬೈಲನ್ನು ನೀರಿಗೆ ಗೇಣಿನಷ್ಟು ಹತ್ತಿರ ಹಿಡಿದು ಒಂದು, ಎದ್ದು ನಿಂತು ಒಂದು ಚಿತ್ರ ತೆಗೆಯಿರಿ. ಮನೆಗೆ ಬಂದು ಮೂರನೆಯದನ್ನು ಎಡಿಟ್ ಮಾಡಿ ತಯಾರಿಸಿ ಮೂರನ್ನೂ ಪಕ್ಕಪಕ್ಕ ಇಡಿ. ಎಲ್ಲಿ ತಪ್ಪಿದೆ ಎಂದು ಮೊದಲೆರಡು ಚಿತ್ರಗಳೇ ತೋರಿಸುತ್ತವೆ.