ಅದೇ ಹಾಡು ಮತ್ತೆ ಏಕೆ?
(ಸಂತ ಸಿಸಿಲಿಯಾರ ಹಬ್ಬ – ನವೆಂಬರ್ 22)



ಸಂತ ಸಿಸಿಲಿಯಾ ಸಂಗೀತದ ಪಾಲಕಿ. ಅವರ ಹಬ್ಬದಂದು ನಾವು ಗಾನವೃಂದದವರನ್ನು ನೆನೆದು ಅಭಿನಂದಿಸುತ್ತೇವೆ. ಅದು ಸರಿಯೇ. ಆದರೆ ದೊಡ್ಡ ಹಬ್ಬಗಳ ಬಲಿಪೂಜೆಯಲ್ಲಿ ನಡೆಯುವುದೇನು? ಹೊಸ ಹಾಡು, ಹೊಸ ರಾಗ, ಕೀಬೋರ್ಡಿನ ಅಬ್ಬರ. ಗಾನವೃಂದ ಹಾಡುತ್ತದೆ, ಜನರು ಬಾಯಿ ಮುಚ್ಚಿ ನಿಂತಿರುತ್ತಾರೆ. ಹಳೆಯ ಹಾಡು ಹಿಡಿದರೆ, “ಅದನ್ನೇ ಎಷ್ಟು ಸಲ ಹಾಡುವುದು ಫಾದರ್?” ಎಂದು ಯುವಜನರು ಕೇಳುತ್ತಾರೆ.

ಪ್ರಾರ್ಥನೆಯಲ್ಲಿ ಬರಿಮಾತು ಬೆಳೆಸಬೇಡಿ ಎಂದು ಯೇಸುಸ್ವಾಮಿಯೇ ಹೇಳಿದ್ದಾರಲ್ಲವೇ (ಮತ್ತಾಯ 6:7)? ಹೌದು. ಆದರೆ ಅದೇ ಶುಭಸಂದೇಶದ 26ನೇ ಅಧ್ಯಾಯವನ್ನು ತೆರೆಯೋಣ. ಕಡೆಯ ಭೋಜನದ ನಂತರ ಅವರೆಲ್ಲರೂ ಕೀರ್ತನೆ ಹಾಡಿ ಹೊರಟರು. ಗೆತ್ಸೆಮನಿಯ ಸಂಕಟದಲ್ಲಿ ಯೇಸು ಮೂರನೆಯ ಸಲವೂ ಅದೇ ಮಾತುಗಳಿಂದ ಪ್ರಾರ್ಥಿಸಿದರು. ಅವರು ಬೇಡವೆಂದದ್ದು ಮನಸ್ಸಿಲ್ಲದ ಮಾತನ್ನು. ಮನದಾಳದಿಂದ ಮರಳಿ ಬರುವ ಮಾತನ್ನಲ್ಲ.

136ನೇ ಕೀರ್ತನೆಯಲ್ಲಿ 26 ಚರಣಗಳಿವೆ. ದೇವರ ಪ್ರೀತಿ ಶಾಶ್ವತವೆಂಬ ಒಂದೇ ಪಲ್ಲವಿ ಪ್ರತಿ ಚರಣದ ಕೊನೆಯಲ್ಲೂ ಬರುತ್ತದೆ. ಸೃಷ್ಟಿ, ಈಜಿಪ್ಟಿನಿಂದ ಬಿಡುಗಡೆ, ಅನುದಿನದ ಆಹಾರ ಎಂದು ಕಥೆ ಮುಂದೆ ಸಾಗುತ್ತದೆ, ಪಲ್ಲವಿ ಬದಲಾಗುವುದಿಲ್ಲ. ನಮ್ಮೂರ ಭಜನೆಯಲ್ಲಿ ಒಬ್ಬರು ಹೇಳಿಕೊಟ್ಟು ಎಲ್ಲರೂ ಹಾಡುವಂತೆ, ಇದಕ್ಕೆ ಪುಸ್ತಕ ಬೇಕಿಲ್ಲ. ಓದು ಬಾರದ ಅಜ್ಜಿಗೂ, ಮಡಿಲ ಮಗುವಿಗೂ ಇಲ್ಲಿ ಪಾಲಿದೆ.

ಕ್ರಿ.ಶ. 386ರಲ್ಲಿ ಇಟಲಿಯ ಮಿಲಾನಿನಲ್ಲಿ ರಾಜಮಾತೆ ಜಸ್ಟೀನಾ ಧರ್ಮಾಧ್ಯಕ್ಷ ಸಂತ ಆಂಬ್ರೋಸರನ್ನು ಹಿಂಸಿಸುತ್ತಿದ್ದಳು. ಭಕ್ತರು ದೇವಾಲಯದೊಳಗೇ ಜಾಗರಣೆ ಕುಳಿತರು. ಅವರು ದುಃಖದಿಂದ ಕುಗ್ಗಬಾರದೆಂದು, ಪೂರ್ವ ದೇಶಗಳ ಕ್ರೈಸ್ತರ ರೀತಿಯಲ್ಲಿ ಎಲ್ಲರೂ ಕೂಡಿ ಹಾಡುವ ರೂಢಿ ಅಲ್ಲಿ ಆರಂಭವಾಯಿತು. ಆ ಗುಂಪಿನಲ್ಲಿ ಸಂತ ಮೋನಿಕಾ ಕೂಡ ಇದ್ದರು. ಮರುವರ್ಷ ದೀಕ್ಷಾಸ್ನಾನ ಪಡೆದ ಅವರ ಮಗ ಸಂತ ಅಗಸ್ಟೀನರು ಆ ಹಾಡುಗಳನ್ನು ಕೇಳಿ ಕಣ್ಣೀರಿಟ್ಟರು. ಆದರೂ ಹಾಡಿನ ಅರ್ಥಕ್ಕಿಂತ ರಾಗವೇ ತಮ್ಮನ್ನು ಹೆಚ್ಚು ಸೆಳೆದಾಗ ಅದು ತಮ್ಮ ತಪ್ಪೆಂದು ಅವರೇ ಒಪ್ಪಿಕೊಂಡಿದ್ದಾರೆ. ಗಾನವೃಂದಕ್ಕೂ ನಮಗೂ ಇದು ಎಚ್ಚರಿಕೆ.

ಜಯಘೋಷ, ಪ್ರತ್ಯುತ್ತರ, ಕೀರ್ತನೆಗಳ ಮೂಲಕ ಜನರು ಸಕ್ರಿಯವಾಗಿ ಪಾಲ್ಗೊಳ್ಳಬೇಕೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲೇ ತಿಳಿಸಿತು. ಆದ್ದರಿಂದ ಹೊಸ ಹಾಡು ಬೇಡವೆನ್ನುವುದಿಲ್ಲ. ಒಂದೊಂದಾಗಿ ಬರಲಿ, ಪೂಜೆಗೆ ಮೊದಲು ಹತ್ತು ನಿಮಿಷ ಜನರಿಗೆ ಕಲಿಸೋಣ. ಕೀರ್ತನೆಯ ಪಲ್ಲವಿಯ ರಾಗ ಕೆಲವು ವಾರ ಬದಲಾಗದಿರಲಿ.

ಹಾಸಿಗೆ ಹಿಡಿದವರಿಗೆ ಪರಮಪ್ರಸಾದ ಕೊಂಡೊಯ್ಯುವ ಗುರುಗಳಾದ ನಾವು ಕಂಡದ್ದಿದೆ. ಮಕ್ಕಳ ಹೆಸರು ಮರೆತವರು ಕೂಡ ಹಳೆಯ ಹಾಡು ಹಿಡಿದರೆ ತುಟಿ ಆಡಿಸುತ್ತಾರೆ. ನೂರು ಸಲ ಹಾಡಿದ್ದು ಆ ಹೊತ್ತಿಗೆ ಒದಗುತ್ತದೆ. ಇಂದಿನ ನಮ್ಮ ಮಕ್ಕಳಿಗೆ ಅಂಥ ಒಂದು ಹಾಡನ್ನಾದರೂ ಉಳಿಸಿಕೊಡುತ್ತಿದ್ದೇವೆಯೇ?

ಸಂತ ಸಿಸಿಲಿಯಾರವರೇ, ನಮ್ಮ ಬಾಯನ್ನೂ ಹೃದಯವನ್ನೂ ಒಂದಾಗಿಸಲು ಪ್ರಾರ್ಥಿಸಿರಿ. ಆಮೆನ್.